ಅಮೆರಿಕದ ಇತಿಹಾಸದಲ್ಲಿ ‘ಕಾನ್ಫೆಡರೇಷನ್’ ಮತ್ತು ‘ಫೆಡರಲ್’ ನಡುವೆ ಏನು ವ್ಯತ್ಯಾಸ?

ಕೇಂದ್ರದ ಮಾತು ಯಾರಿಗೆ ತಟ್ಟುತ್ತದೆ ಎಂಬುದೇ ವ್ಯತ್ಯಾಸ. ಕಾನ್ಫೆಡರೇಷನ್‌ನಲ್ಲಿ ಕೇಂದ್ರವು ರಾಜ್ಯಗಳನ್ನು ಕೇಳಿಕೊಳ್ಳಬೇಕು. ಫೆಡರಲ್ ವ್ಯವಸ್ಥೆಯಲ್ಲಿ ಅದರ ಕಾನೂನು ನೇರವಾಗಿ ಪ್ರಜೆಗಳಿಗೇ ಅನ್ವಯಿಸುತ್ತದೆ.

1781ರ ಮಾರ್ಚ್ 1ರಂದು ಜಾರಿಗೆ ಬಂದ ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್’, ಅಂದರೆ ಅಮೆರಿಕದ ಮೊತ್ತಮೊದಲ ಸಂವಿಧಾನ, ಮೊದಲ ಬಗೆಯದು. ದೊಡ್ಡದಿರಲಿ ಚಿಕ್ಕದಿರಲಿ, 13 ರಾಜ್ಯಗಳಿಗೂ ತಲಾ ಒಂದೇ ಮತ. ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಶಾಸನಸಭೆಗೆ, ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧದ ಖರ್ಚಿಗೆ ಇಂತಿಷ್ಟು ಕೊಡಿ ಎಂದು ಪ್ರತಿ ರಾಜ್ಯದ ಪಾಲನ್ನು ಗೊತ್ತುಮಾಡಿ ಕೇಳುತ್ತಿತ್ತು. ಇದಕ್ಕೆ ‘ರಿಕ್ವಿಸಿಷನ್’ ಎಂದು ಹೆಸರು. ಕೊಡದಿದ್ದರೆ ವಸೂಲಿಗೆ ದಾರಿಯಿಲ್ಲ. ಆಮದಿನ ಮೇಲೆ ಶೇ 5 ಸುಂಕ ಹಾಕೋಣವೆಂದರೆ ತಿದ್ದುಪಡಿ ಬೇಕು, ತಿದ್ದುಪಡಿಗೆ ಹದಿಮೂರೂ ರಾಜ್ಯಗಳು ಒಪ್ಪಬೇಕು. 1782ರಲ್ಲಿ ಪುಟ್ಟ ರೋಡ್ ಐಲೆಂಡ್ ಒಲ್ಲೆ ಎಂದಿತು. ಯೋಜನೆ ಅಲ್ಲಿಗೇ ಬಿತ್ತು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಸಂವಿಧಾನ ಕಾಂಗ್ರೆಸ್‌ಗೆ ತೆರಿಗೆಯ ಅಧಿಕಾರ ಕೊಟ್ಟಿತು. ‘ರ‍್ಯಾಟಿಫಿಕೇಷನ್’ಗೆ, ಅಂದರೆ ಅಂಗೀಕಾರಕ್ಕೆ, 9 ರಾಜ್ಯಗಳು ಸಾಕೆಂದೂ ಅದರಲ್ಲೇ ಬರೆದರು. ನನ್ನ ದೃಷ್ಟಿಯಲ್ಲಿ ಅತ್ಯಂತ ಜಾಣ ನಡೆ ಇದೇ: ಒಂದೇ ರಾಜ್ಯ ಎಲ್ಲವನ್ನೂ ತಡೆಯುವ ಹಳೆಯ ತೊಡಕು ತಪ್ಪಿತು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಷೈರ್ ಒಂಬತ್ತನೆಯದಾಗಿ ಒಪ್ಪಿತು.

ಓದುವಾಗ ಎಡವುವುದು ಒಂದು ಕಡೆ. ಆ ಕಾಲದಲ್ಲಿ ಈ ಎರಡೂ ಪದಗಳಿಗೆ ಹೆಚ್ಚುಕಡಿಮೆ ಒಂದೇ ಅರ್ಥವಿತ್ತು. ಬಲವಾದ ಕೇಂದ್ರ ಬಯಸಿದವರು ತಮ್ಮನ್ನು ‘ಫೆಡರಲಿಸ್ಟರು’ ಎಂದು ಕರೆದುಕೊಂಡ ಮೇಲೆಯೇ ಇಂದಿನ ಅರ್ಥ ಗಟ್ಟಿಯಾದದ್ದು.