ಬಣ್ಣ ನೋಡಿ ‘ಸೇಫ್’ ಅನ್ನಬೇಡಿ

ಪ್ರಶ್ನೆ: ನಾವು ಗೋವಾದ ವಾಸ್ಕೋದ ಕನ್ನಡ ಹುಡುಗರು. ಅಂಜುನಾದ ಪಾರ್ಟಿಯಲ್ಲಿ ಎಂಡಿಎಂಎ ಅನ್ನುವ ನಶೆ ಪದಾರ್ಥ ಅಂತ ಕೊಟ್ಟ ಮಾತ್ರೆ ನುಂಗಿ ನಮ್ಮ ಗೆಳೆಯ ಐಸಿಯು ಸೇರಿದ್ದ. ಹೇಗೋ ಬದುಕಿದ. ವಿದೇಶದಲ್ಲಿರುವ ಹಾಗೆ ನಾವೂ ಪಾರ್ಟಿ ಬಾಗಿಲಲ್ಲಿ ಟೇಬಲ್ ಹಾಕಿ ಮಾತ್ರೆ ಪರೀಕ್ಷೆ ಮಾಡಬೇಕು ಅಂತಿದ್ದೇವೆ. ಟೆಸ್ಟ್ ಕಿಟ್ ತರಿಸಿದರೆ ಸಾಕಾ?
– ಹೆಸರು ಬೇಡ, ವಾಸ್ಕೋ

ಉತ್ತರ: ಹುಡುಗ ಉಳಿದನಲ್ಲ, ಅದೇ ದೊಡ್ಡದು. ವರ್ನಾದ ಔಷಧ ಕಂಪನಿಯ ಲ್ಯಾಬಿನಲ್ಲಿ ವರ್ಷಗಟ್ಟಲೆ ದುಡಿದವಳು ನಾನು, ಹಾಗಾಗಿ ಕಿಟ್‌ನಿಂದಲೇ ಶುರು ಮಾಡುತ್ತೇನೆ.

ಕಿಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಮಾರ್ಕ್ವಿಸ್ ಅನ್ನುವ ದ್ರಾವಣ. ಅದರಲ್ಲಿ ಸಲ್ಫ್ಯೂರಿಕ್ ಆಸಿಡ್ ಇದೆ, ಕೈಗೆ ತಾಗಿದರೆ ಸುಡುತ್ತದೆ. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಸಾಸಿವೆಯಷ್ಟು ಪುಡಿ ಇಟ್ಟು ಒಂದು ಹನಿ ಬಿಡಬೇಕು. ಎಂಡಿಎಂಎ ಇದ್ದರೆ ತಕ್ಷಣ ನೇರಳೆಯಾಗಿ, ನೋಡ್ತಾ ನೋಡ್ತಾ ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಬೇರೆ ಏನು ಬೆರೆತಿದ್ದರೂ ಕಾಣುವುದಿಲ್ಲ. ಎಷ್ಟು ಮಿಲಿಗ್ರಾಂ ಇದೆ ಅಂತಲೂ ತಿಳಿಯುವುದಿಲ್ಲ. ಎಂಡಿಎಂಎ ಹೆಸರಲ್ಲಿ ಕೈಗೆ ಬರಬಹುದಾದ ಪಿಎಂಎ ಅನ್ನುವ ಇನ್ನೊಂದು ನಶೆ ಪದಾರ್ಥ ಮಾರ್ಕ್ವಿಸ್‌ಗೆ ಬಣ್ಣವನ್ನೇ ಕೊಡುವುದಿಲ್ಲ. ಅದು ನಿಧಾನಕ್ಕೆ ಏರುವ ವಿಷ. ಏನೂ ಆಗ್ತಿಲ್ಲ ಅಂತ ಇನ್ನೊಂದು ನುಂಗುತ್ತಾರೆ, ಆಮೇಲೆ ಮೈ ಕಾದು ಕುಸಿಯುತ್ತಾರೆ. ನಿಮ್ಮ ಬಾಯಿಂದ ‘ಸೇಫ್’ ಅಂತ ಕೇಳಿದ ಹುಡುಗಿಗೆ ಹೀಗಾದರೆ?

ನೆದರ್ಲೆಂಡ್ಸ್‌ನಲ್ಲಿ 1992ರಿಂದ ಮಾತ್ರೆ ಪರೀಕ್ಷಿಸುವ ಸೇವೆ ಇದೆ. ನ್ಯೂಜಿಲೆಂಡ್ 2021ರಲ್ಲಿ ಕಾನೂನನ್ನೇ ಮಾಡಿತು. ಅಲ್ಲಿ ಪದಾರ್ಥ ಯಾವುದೆಂದು ಗುರುತಿಸುವ ಇನ್ಫ್ರಾರೆಡ್ ಯಂತ್ರ ಇರುತ್ತದೆ, ಹಿಂದೆ ದೊಡ್ಡ ಲ್ಯಾಬ್ ಇರುತ್ತದೆ. ಫಲಿತಾಂಶ ಹೇಳುವಾಗ ಒಬ್ಬರು ಎದುರು ಕೂತು ಸಮಾಧಾನವಾಗಿ ಮಾತಾಡುತ್ತಾರೆ. ನನಗೆ ಆ ಮಾತುಕತೆಯೇ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾನೂನು ಇದೆ. ಪರೀಕ್ಷೆಗೆ ಅಂತ ತೆಗೆದುಕೊಂಡರೂ ಮಾತ್ರೆ ನಿಮ್ಮ ಕೈಯಲ್ಲಿದ್ದರೆ ಕೇಸು ನಿಮ್ಮ ಮೇಲೆ. ಎಂಡಿಎಂಎ ಅರ್ಧ ಗ್ರಾಂ ಇದ್ದರೂ 1 ವರ್ಷದವರೆಗೆ ಜೈಲಾಗಬಹುದು. ಹತ್ತಾರು ಜನರ ತುಣುಕು ಸೇರಿ ಅರ್ಧ ಗ್ರಾಂ ದಾಟಿದರೆ 10 ವರ್ಷದವರೆಗೂ ಹೋಗಬಹುದು. ಅದಕ್ಕೇ ಹೇಳುತ್ತೇನೆ, ಈಗ ಟೇಬಲ್ ಬೇಡ.

ಆದರೆ ಆಸೆ ಬಿಡಬೇಡಿ. ವೈದ್ಯಕೀಯ, ವೈಜ್ಞಾನಿಕ ಕೆಲಸಕ್ಕೆ ಅದೇ ಕಾಯ್ದೆಯಲ್ಲಿ ದಾರಿ ಇದೆ. ಲ್ಯಾಬ್ ಇರುವ ಒಂದು ಆಸ್ಪತ್ರೆ ಅಥವಾ ಕಾಲೇಜು, ಒಬ್ಬ ಮನೋವೈದ್ಯರು, ಒಬ್ಬ ವಕೀಲರು ಜೊತೆಗಿದ್ದರೆ ಸರ್ಕಾರದ ಅನುಮತಿ ಕೇಳಬಹುದು. ನಶೆ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡುವ ಕೆಲಸವನ್ನು ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಮೂಲಕ ಸರ್ಕಾರವೇ ಮಾಡಿಸುತ್ತಿದೆ ಅಲ್ವಾ? ಅರ್ಜಿಯಲ್ಲಿ ಅದನ್ನೇ ಮೊದಲು ಬರೆಯಿರಿ.

ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ಆಯೋಜಕರನ್ನು ಒಪ್ಪಿಸಿ ಗಾಳಿಯಾಡುವ ಒಂದು ಮೂಲೆ ಕೇಳಿ. ನೀರು, ಓಆರ್‌ಎಸ್, ಒದ್ದೆ ಬಟ್ಟೆ ಇಡಿ. ನೀರನ್ನು ಗುಟುಕು ಗುಟುಕಾಗಿ ಕೊಡಿ, ಎಂಡಿಎಂಎ ತಗೊಂಡವರು ಲೀಟರುಗಟ್ಟಲೆ ಕುಡಿದರೆ ಅದೂ ಪ್ರಾಣಕ್ಕೆ ಕುತ್ತು. ಮೈ ಕೆಂಡವಾಗಿದ್ದರೆ, ಮಾತು ತಪ್ಪುತ್ತಿದ್ದರೆ, ಫಿಟ್ಸ್ ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಮೈ ತಣ್ಣಗೆ ಮಾಡುತ್ತಿರಿ. ಎಚ್ಚರ ತಪ್ಪಿದವರನ್ನು ಮಗ್ಗುಲಿಗೆ ಮಲಗಿಸಿ. ಏನು ನುಂಗಿದ್ದು, ಎಷ್ಟು ಹೊತ್ತಾಯಿತು ಅನ್ನುವುದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ.