ಲಿಬ್ರೆಆಫೀಸ್ ಮೆನು ಹಳೇ ಕಾಲದ ತರ ಕಾಣ್ತಿದೆ, ಬದಲಾಯಿಸೋದು ಹೇಗೆ?

ಗಂಗಾವತಿಯ ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ನೀವು ಲಿಬ್ರೆಆಫೀಸ್ (ಉಚಿತ ಆಫೀಸ್ ಸಾಫ್ಟ್‌ವೇರ್) ಬಗ್ಗೆ ಎರಡು ತೊಂದರೆ ಹೇಳಿದ್ದೀರಿ: ಎಂಎಸ್ ಆಫೀಸ್ ತರದ ಟ್ಯಾಬ್‌ಗಳಿಲ್ಲ, ಮೆನು ಅಕ್ಷರ ತೀರಾ ಸಣ್ಣ.

ಮೊದಲನೆಯದು ಸುಲಭ. ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್ ಒತ್ತಿ, ಟ್ಯಾಬ್ಡ್ ಆರಿಸಿ. 2019ರ 6.2 ಆವೃತ್ತಿಯಿಂದ ಇದು ಇದೆ. ‘ಅಪ್ಲೈ ಟು ಆಲ್’ ಒತ್ತಿದರೆ ರೈಟರ್ (ಬರಹಕ್ಕೆ), ಕ್ಯಾಲ್ಕ್ (ಲೆಕ್ಕಕ್ಕೆ) ಎಲ್ಲಕ್ಕೂ ಅನ್ವಯಿಸುತ್ತದೆ. ಇಲ್ಲಿ ಒಂದು ಎಡವಟ್ಟಾಗಬಹುದು: ಮಾಮೂಲಿ ಮೆನು ಸಾಲು ಮಾಯವಾಗುತ್ತದೆ! ಕೊಪ್ಪಳದ ನಮ್ಮ ಅಂಗಡಿಯಲ್ಲಿ ಹುಡುಗ ಒಬ್ಬ ಇದಕ್ಕೇ ಗಾಬರಿಯಾಗಿ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ. ಏನೂ ಬೇಕಿರಲಿಲ್ಲ. ಟ್ಯಾಬ್‌ಗಳ ಸಾಲಿನ ಎಡತುದಿಯಲ್ಲಿ ಒಂದು ಪುಟ್ಟ ಐಕಾನ್ ಇರುತ್ತದೆ, ಅದನ್ನು ಒತ್ತಿದರೆ ಮೆನು ವಾಪಸ್.

ಎರಡನೆಯದು, ಮೆನು ಅಕ್ಷರದ ಗಾತ್ರ. ಅದನ್ನು ಲಿಬ್ರೆಆಫೀಸ್ ಒಳಗೆ ಹುಡುಕಬೇಡಿ, ಅದು ವಿಂಡೋಸ್ ಕೈಯಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋಗಿ, ಸ್ಕೇಲ್ 125% ಮಾಡಿ. ಐಕಾನ್ ಮಾತ್ರ ದೊಡ್ಡದು ಬೇಕಾದರೆ ಲಿಬ್ರೆಆಫೀಸ್‌ನ ಟೂಲ್ಸ್, ಆಪ್ಷನ್ಸ್, ವ್ಯೂಗೆ ಹೋಗಿ. ಐಕಾನ್ ಥೀಮ್ (ಐಕಾನ್‌ಗಳ ಚಿತ್ರಶೈಲಿ) ಕೂಡ ಆಪ್ಷನ್ಸ್‌ನಲ್ಲೇ ಇದೆ. ನನಗೆ ಕೊಲಿಬ್ರೆ ಅನ್ನೋ ಥೀಮ್ ಸಾಕು, ಸುಮ್ನೆ ಬಣ್ಣ ಜಾಸ್ತಿ ಯಾಕೆ?

ಕೊನೆಗೆ ಇನ್ನೊಂದು ಮಾತು: ದಿನಾ ಬಳಸುವ ಆದೇಶವನ್ನು (ಕಮಾಂಡ್) ಮೆನುವಿಗೆ ಸೇರಿಸಲು ಟೂಲ್ಸ್‌ನಲ್ಲಿ ಕಸ್ಟಮೈಸ್ ತೆರೆದು, ಮೆನೂಸ್ ಟ್ಯಾಬ್‌ಗೆ ಹೋಗಿ. ಎಡಗಡೆಯ ಆದೇಶವನ್ನು ಬಾಣದ ಗುರುತಿನಿಂದ ಬಲಕ್ಕೆ ದಾಟಿಸಿ. ಕೆಟ್ಟರೆ ಅಲ್ಲೇ ರೀಸೆಟ್ ಬಟನ್ ಇದೆ. ಆದರೆ ಅದು ನೀವು ಮಾಡಿದ ಎಲ್ಲ ಬದಲಾವಣೆಯನ್ನೂ ಅಳಿಸಿಬಿಡಬಹುದು, ನೋಡಿಕೊಂಡು ಒತ್ತಿ.