ತಾತನ ಕಾಲನ್ನು ಬೀರು ಹಿಂದೆ ಬಚ್ಚಿಡಬೇಡಿ

(ಉತ್ತರಿಸಿದವರು: ಕೃತಕ ಕೈಕಾಲು ತಜ್ಞರು, ತುಮಕೂರು)

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ನಮ್ಮ ಮಾವನವರ ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದಾರೆ. ಕೃತಕ ಕಾಲು ಹಾಕಿ ನಡೆಯುತ್ತಾರೆ. 8 ವರ್ಷದ ಮಗಳು ಹೆದರಬಾರದು ಅಂತ ಅವಳು ಮಲಗಿದ ಮೇಲೆ ಕಾಲು ಬಿಚ್ಚಿ ಬೀರು ಹಿಂದೆ ಇಡುತ್ತೇವೆ. ಆದರೂ ತಾತನ ಹತ್ತಿರ ಹೋಗಲ್ಲ. ಡಾಕ್ಟರ್ ಆಗ್ತೀನಿ ಅನ್ನುತ್ತಿದ್ದವಳು ಈಗ ಆಸ್ಪತ್ರೆ ಅಂದರೆ ಅಳುತ್ತಾಳೆ.
– ಗೃಹಿಣಿ, ಗುಬ್ಬಿ

ಉತ್ತರ: ಇವತ್ತೇ ಆ ಕಾಲನ್ನು ಬೀರು ಹಿಂದಿನಿಂದ ಹೊರಗೆ ತನ್ನಿ. ಈ ಪ್ರಶ್ನೆ ಒಂದಲ್ಲ ಒಂದು ಊರಿಂದ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ಬೇಜಾರಾಗುತ್ತದೆ. ದೊಡ್ಡವರೆಲ್ಲ ಸೇರಿ ಬಚ್ಚಿಡುವ ವಸ್ತು ಕಂಡರೆ ಯಾವ ಮಗು ಹೆದರಲ್ಲ ಹೇಳಿ? ಇನ್ನೊಂದು ಮಾತು. ಮೊಮ್ಮಗಳು ಮಲಗುವ ತನಕ ನಿಮ್ಮ ಮಾವ ಸುಮ್ನೆ ಕಾಲು ಹಾಕಿಕೊಂಡೇ ಕೂತಿರುತ್ತಾರೆ ಅಲ್ವಾ? ಸಕ್ಕರೆ ಕಾಯಿಲೆಯವರಿಗೆ ಚರ್ಮದಲ್ಲಿ ಸ್ಪರ್ಶ ಕಡಿಮೆ ಇರಬಹುದು. ಒಳಗೆ ಗುಳ್ಳೆ ಎದ್ದರೂ ಗೊತ್ತಾಗಲ್ಲ. ನನ್ನ ಸಿಟ್ಟು ಅದಕ್ಕೇ ಜಾಸ್ತಿ.

ಮಾವನವರನ್ನು ಮೊದಲು ಕೇಳಿ. ಅವರು ಒಪ್ಪಿದರೆ, ಹಗಲು ಹೊತ್ತಿನಲ್ಲಿ, ಮಗು ಎದುರಿಗೇ ಬಿಚ್ಚಲಿ. ಅವಳು ದೂರ ನಿಂತರೆ ನಿಲ್ಲಲಿ, ಎಳೆದು ತರಬೇಡಿ. ಮಕ್ಕಳು ಕೇಳುವುದು ಮೂರೇ ಮಾತು. ನೋವಾಗುತ್ತಾ? ಕಾಲು ಮತ್ತೆ ಬೆಳೆಯುತ್ತಾ? ನಂಗೂ ಹೀಗಾಗುತ್ತಾ? ಬೆಳೆಯಲ್ಲ ಅಂತ ನೇರವಾಗಿ ಹೇಳಿ. ನೋವಿನ ಮಾತನ್ನು ತಾತನೇ ಹೇಳಲಿ. ಮೂರನೆಯದೇ ಅವಳ ನಿಜವಾದ ಭಯ. "ಚಾಕೊಲೇಟ್ ತಿಂದರೆ ತಾತನ ಥರ ನಿನ್ನ ಕಾಲೂ ಕತ್ತರಿಸ್ತಾರೆ" ಅಂತ ಮನೆಯಲ್ಲಿ ಯಾರಾದರೂ ಹೆದರಿಸಿದ್ದಾರಾ ವಿಚಾರಿಸಿ. ಹೆದರಿಸುವವರು ತುಂಬಾ ಜನ ಇದ್ದಾರೆ. ದಯವಿಟ್ಟು ಆ ಮಾತು ನಿಲ್ಲಿಸಿ.

ಮುಂದಿನ ಸಲ ಕಾಲು ಸರಿಮಾಡಿಸಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ನನ್ನ ಹತ್ತಿರ ಒಮ್ಮೆ ತಾತನ ಜೊತೆ ಒಬ್ಬ ಹುಡುಗ ಬಂದಿದ್ದ. ಬಾಗಿಲ ಹತ್ತಿರವೇ ನಿಂತಿದ್ದ. ಸಾಕೆಟ್ ಅಂದರೆ ಕೃತಕ ಕಾಲಿನಲ್ಲಿ, ಉಳಿದ ಕಾಲು ಕೂರುವ ಬಟ್ಟಲು. ಅದನ್ನು ಮಾಡಲು ಮೊದಲು ಕಾಲಿನ ಅಚ್ಚು ತೆಗೆಯಬೇಕು. ಕಾಲಿಗೆ ತೆಳು ಬಟ್ಟೆ ಏರಿಸಿ, ಮೂಳೆ ಉಬ್ಬಿದ ಕಡೆಯೆಲ್ಲ ನೇರಳೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿದೆ. "ಮುಟ್ಟಿ ನೋಡು" ಅಂದೆ. ಬೆರಳು ಇಟ್ಟವನೇ, "ತಾತಾ, ಬೆಚ್ಚಗಿದೆ!" ಅಂದ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಕಾಲಿನಿಂದ ಕಳಚಿದ ಆ ಟೊಳ್ಳು ಅಚ್ಚಿಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಸಿಪ್ಪೆ ಬಿಡಿಸಿದಾಗ ಬಿಳಿ ಕಾಲಿನ ಮೇಲೆ ಅದೇ ನೇರಳೆ ಗುರುತುಗಳು! ಸಾಕೆಟ್ ರೂಪಿಸುವುದು ಈ ಬಿಳಿ ಕಾಲಿನ ಮೇಲೆಯೇ. ಅದಕ್ಕೂ ಮೊದಲು ಮೂಳೆ ಇರುವ ಕಡೆ ಸ್ವಲ್ಪ ಪ್ಲಾಸ್ಟರ್ ಮೆತ್ತುತ್ತೇವೆ, ಭಾರ ತಡೆಯುವ ಕಡೆ ಕೆರೆಯುತ್ತೇವೆ. ಯಾಕೆ ಅಂತ ಅವನನ್ನೇ ಕೇಳಿದೆ. ಕ್ಷಣ ಯೋಚಿಸಿ, "ಮೂಳೆಗೆ ಒತ್ತಬಾರದು ಅಂತ" ಅಂದ. ಎಷ್ಟು ಖುಷಿಯಾಯಿತು ಗೊತ್ತಾ!

ಮನೆಯಲ್ಲಿ ಅವಳಿಗೊಂದು ಕೆಲಸ ಕೊಡಿ. ಸಂಜೆ ಕಾಲು ಬಿಚ್ಚಿದಾಗ ಕನ್ನಡಿ ಹಿಡಿದು ತಾತನ ಕಾಲಿನ ತುದಿ ನೋಡಲಿ. ಕೆಂಪಗಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಲಿ. ಕೆಂಪು ಹೋಗಿಲ್ಲ ಅಂದರೆ ದೊಡ್ಡವರಿಗೆ ಹೇಳಲಿ. ಆಮೇಲೆ ಕಾಲು ಹಾಕದೆ ನಮ್ಮಂಥವರ ಹತ್ತಿರ ಬನ್ನಿ.

ಡಾಕ್ಟರ್ ಆಗಬೇಕೆಂಬ ಆಸೆಗೂ ಇದೇ ದಾರಿ. ಜೈಪುರ ಕಾಲನ್ನು 1968ರ ಹೊತ್ತಿಗೆ ರೂಪಿಸಿದವರು ಮೂಳೆ ತಜ್ಞ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ. ಬರಿಗಾಲಲ್ಲಿ ನಡೆಯಲು, ನೆಲಕ್ಕೆ ಕುಕ್ಕರುಗಾಲಲ್ಲಿ ಕೂರಲು ಆಗುವ ಕಾಲು ಅದು. ನಮ್ಮ ತೆಂಗಿನ ತೋಟದವರಿಗೆ ಬೇಕಾದದ್ದು ಅದೇ ಅಲ್ವಾ? ಒಬ್ಬರಿಗೆ ಮೂಳೆ ಗೊತ್ತಿತ್ತು, ಇನ್ನೊಬ್ಬರ ಕೈಯಲ್ಲಿ ಕಸುಬಿತ್ತು. ಎರಡೂ ಸೇರಿದ ಓದು ನಮ್ಮದು. ಪಿಯುಸಿ ವಿಜ್ಞಾನದ ನಂತರ, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ ಡಿಗ್ರಿ. ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಮಗಳಿಗೆ ಈ ಹೆಸರೆಲ್ಲ ಈಗ ಬೇಡ. ತಾತನ ಕಾಲು ಯಾರು ಮಾಡಿದರು ಅಂತ ಗೊತ್ತಿದ್ದರೆ ಸಾಕು.

ಪ್ರಶ್ನೆ: ಮಗ 6ನೇ ಕ್ಲಾಸು. ಈಗಲೇ ನೀಟ್ ಕೋಚಿಂಗ್‌ಗೆ ಸೇರಿಸಬಹುದಾ?
– ಓದುಗರು, ಕೋಲಾರ

ಉತ್ತರ: ಬೇಡ, ಆಡೋಕೆ ಬಿಡಿ.

ಪ್ರಶ್ನೆ: ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳ ಕೈಯನ್ನೇ ಪ್ಲಾಸ್ಟರ್ ಬಕೆಟ್ಟಿನಲ್ಲಿ ಅದ್ದಿಸಿ ಅಚ್ಚು ತೆಗೆಯಬಹುದೇ?
– ಶಿಕ್ಷಕರು, ಚಿಂತಾಮಣಿ

ಉತ್ತರ: ಖಂಡಿತ ಬೇಡ. ತೆಳು ಪಟ್ಟಿ ಬೆಚ್ಚಗಾಗುತ್ತದೆ ಅಷ್ಟೇ. ಬಕೆಟ್ ತುಂಬ ಪ್ಲಾಸ್ಟರ್ ಗಟ್ಟಿಯಾಗುವಾಗ ಚರ್ಮ ಸುಡುತ್ತದೆ, ಕೈ ಹೊರಗೆ ಎಳೆಯಲೂ ಆಗಲ್ಲ. ಹೀಗೆ ಬೆರಳು ಕಳೆದುಕೊಂಡ ಮಕ್ಕಳಿದ್ದಾರೆ. ಜೇಡಿಮಣ್ಣಿನಲ್ಲಿ ಹೆಬ್ಬೆರಳು ಒತ್ತಿಸಿ, ಬೆರಳು ತೆಗೆದ ಮೇಲೆ ಆ ಗುಳಿಗೆ ನೀವೇ ಪ್ಲಾಸ್ಟರ್ ಸುರಿಯಿರಿ. ಪಾಠ ಅದೇ.

ಪ್ರಶ್ನೆ: ತಂದೆಯ ಕಾಲು ತೆಗೆದು ಎರಡು ತಿಂಗಳಾಯಿತು. ಮೂರು ತಿಂಗಳು ಎಣ್ಣೆ ತಿಕ್ಕಿದರೆ ಚರ್ಮ ಗಟ್ಟಿಯಾಗುತ್ತದೆ, ಆಮೇಲೆ ಕೃತಕ ಕಾಲು ಹಾಕಿಸಿ ಅಂತ ಒಬ್ಬರು ಎಣ್ಣೆ ಕೊಟ್ಟಿದ್ದಾರೆ. ನಂಬಬಹುದಾ?
– ಓದುಗರು, ಶಿರಾ

ಉತ್ತರ: ಎಣ್ಣೆಯಿಂದ ಚರ್ಮ ಮೆತ್ತಗಾಗುತ್ತದೆ, ಗಟ್ಟಿಯಾಗಲ್ಲ. ಮೂರು ತಿಂಗಳು ಕೂತಲ್ಲೇ ಕೂತರೆ ಮಂಡಿ ಮಡಚಿಕೊಂಡೇ ಬಿಗಿದುಹೋಗುತ್ತದೆ. ಆಮೇಲೆ ಕಾಲು ಹಾಕುವುದೇ ಕಷ್ಟ. ಇಂಥವರಿಂದಾಗಿ ತಡವಾಗಿ ಬರುವವರನ್ನು ನೋಡಿ ನನಗೆ ಸಾಕಾಗಿದೆ. ಊತ ಇಳಿಯಲು ಬೇಕಾದದ್ದು ಸರಿಯಾಗಿ ಕಟ್ಟಿದ ಕ್ರೇಪ್ ಬ್ಯಾಂಡೇಜ್. ಕಟ್ಟುವುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ. ಮಂಡಿ ಕೆಳಗೆ ದಿಂಬು ಇಡಬೇಡಿ. ಗಾಯ ಒಣಗಿದ್ದರೆ ಈ ವಾರವೇ ಅಳತೆಗೆ ಕರೆದುಕೊಂಡು ಹೋಗಿ.